ಮುತ್ತಾತ ಒಬ್ಬರೇ, ಸರ್‌ನೇಮ್ ಎರಡು: ಯಾವ ದಾಖಲೆ ನಂಬುವುದು?

ಪ್ರಶ್ನೆ: ನನ್ನ ಗಂಡ ಇಂಗ್ಲೆಂಡಿನವರು. ಮಕ್ಕಳಿಗೆ ಇರಲಿ ಅಂತ ಎರಡೂ ಕಡೆಯ ವಂಶವೃಕ್ಷ ಬರೆಯುತ್ತಿದ್ದೇನೆ. ಗಂಡನ ಮುತ್ತಾತನಿಗೆ ಜನನ ಪತ್ರದಲ್ಲಿ ಒಂದು ಸರ್‌ನೇಮ್ ಇದೆ, ಮದುವೆ ಪತ್ರದಲ್ಲಿ ಬೇರೆಯೇ ಇದೆ. ಜನಗಣತಿಯಲ್ಲಿ ಸ್ಪೆಲಿಂಗ್ ಕೂಡ ಬೇರೆ. ಯಾವುದು ಸರಿ?

ಉತ್ತರ: ಮೂರೂ ಸರಿ ಇರಬಹುದು. ಅದಕ್ಕೇ ‘ಯಾವುದು ಸರಿ’ ಅನ್ನುವುದನ್ನು ಸ್ವಲ್ಪ ಪಕ್ಕಕ್ಕಿಡಿ. ಒಂದೊಂದು ಕಾಗದ ಕೈಗೆ ತಗೊಂಡಾಗಲೂ ಇಷ್ಟು ಕೇಳಿಕೊಳ್ಳಿ: ಈ ಹೆಸರು ಹೇಳಿದ್ದು ಯಾರು? ಬರೆದುಕೊಂಡಿದ್ದು ಯಾರು? ಹೇಳಿದವರಿಗೆ ಆಗ ಏನಾದರೂ ಮುಚ್ಚಿಡಬೇಕಿತ್ತಾ?

ಸ್ಪೆಲಿಂಗ್ ವ್ಯತ್ಯಾಸಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಶೇಕ್ಸ್‌ಪಿಯರ್‌ನ ಸಹಿಗಳು ಅಂತ ಒಪ್ಪಿಕೊಂಡಿರುವುದು ಆರು. ಅವುಗಳಲ್ಲೇ ಸ್ಪೆಲಿಂಗ್ ಒಂದೇ ಥರ ಇಲ್ಲ. 1754ರಿಂದ ಇಂಗ್ಲೆಂಡಿನ ಚರ್ಚುಗಳಲ್ಲಿ ಗಂಡು ಹೆಣ್ಣು ಇಬ್ಬರೂ ಮದುವೆ ರಿಜಿಸ್ಟರಿಗೆ ಸಹಿ ಹಾಕಬೇಕಾಯಿತು. ಓದು ಬಾರದವರು ಇಂಟು ಮಾರ್ಕ್ ಹಾಕುತ್ತಿದ್ದರು, ನಮ್ಮಲ್ಲಿ ಹೆಬ್ಬೆಟ್ಟು ಒತ್ತುವ ಹಾಗೆ. ಅಂಥ ಕಡೆ ಹೆಸರು ಬರೆದವರು ಪಾದ್ರಿ, ಕಿವಿಗೆ ಬಿದ್ದ ಹಾಗೆ ಬರೆದಿದ್ದಾರೆ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಹಾಲು ‘ಆಲು’ ಆಗುತ್ತಲ್ವಾ, ಅಲ್ಲೂ ಬಹಳ ಕಡೆ ಜನ ‘ಹ’ ನುಂಗುತ್ತಾರೆ. ಹ್ಯಾರಿಸ್ ಅಂತ ಹುಡುಕಿ ಸಿಗದಿದ್ದರೆ ಆರಿಸ್ ಅಂತ ಹುಡುಕಿ.

ಇಂಡೆಕ್ಸ್, ಅಂದರೆ ದಾಖಲೆ ಓದಿ ಬೇರೆಯವರು ಮಾಡಿಟ್ಟ ಹೆಸರಿನ ಪಟ್ಟಿ, ನೋಡಿ ನಿಲ್ಲಿಸಬೇಡಿ, ಮೂಲ ಪುಟದ ಚಿತ್ರ ತೆರೆಯಿರಿ. ಹಳೆಯ ಕೈಬರಹದಲ್ಲಿ ಎರಡು ‘ಎಸ್’ ಬಂದರೆ ಮೊದಲನೆಯದನ್ನು ಉದ್ದಕ್ಕೆ ಎಳೆಯುತ್ತಿದ್ದರು, ನೋಡಲು ‘ಎಫ್’ ಥರವೇ ಇರುತ್ತದೆ. ಹಾಗಾಗಿ ರಾಸ್ ಎಂಬ ಮನೆತನ ಇಂಡೆಕ್ಸಿನಲ್ಲಿ ‘ರಾಫ್ಸ್’ ಆಗಿ ಕೂತಿರಬಹುದು. 1841ರಿಂದ 1901ರವರೆಗಿನ ಜನಗಣತಿಯಲ್ಲಿ ನಮಗೆ ಕಾಣುವುದು ಗಣತಿದಾರ ನಕಲು ಮಾಡಿದ ಪುಸ್ತಕ. 1911ರದ್ದಾದರೆ ಮನೆಯವರೇ ತುಂಬಿದ ಹಾಳೆ. ಆ ವರ್ಷದ ಹಾಳೆಯಲ್ಲಿ ಮುತ್ತಾತನ ಕೈಬರಹವೇ ಸಿಕ್ಕಿಬಿಡಬಹುದು.

ಸರ್‌ನೇಮೇ ಬೇರೆ ಆಗಿರುವುದು ಇದಕ್ಕಿಂತ ದೊಡ್ಡ ವಿಷಯ. ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ ಒಂದಿದೆ. ಇಂಗ್ಲೆಂಡಿನಲ್ಲಿ ಸರ್ಕಾರಿ ಜನನ ನೋಂದಣಿ ಶುರುವಾಗಿದ್ದು 1837ರ ಜುಲೈ 1ಕ್ಕೆ. ಆದರೆ ಮಗುವಿನ ಸರ್‌ನೇಮ್ ಬರೆಯಲು ಅಂತ ಪ್ರತ್ಯೇಕ ಜಾಗ ಬಂದಿದ್ದು 1969ರಲ್ಲಿ. ಅಲ್ಲಿಯವರೆಗೆ ಮಗುವಿನ ಮೊದಲ ಹೆಸರಷ್ಟೇ ಇರುತ್ತಿತ್ತು, ಸರ್‌ನೇಮನ್ನು ಅಪ್ಪ ಅಮ್ಮನ ಕಾಲಮ್ಮಿನಿಂದ ಊಹಿಸಿಕೊಳ್ಳಬೇಕು. ಅಪ್ಪನ ಕಾಲಮ್ ಖಾಲಿ ಇದ್ದರೆ ಅಮ್ಮನಿಗೆ ಮದುವೆ ಆಗಿರಲಿಲ್ಲ ಅಂತ ಅರ್ಥ. 1875ರಿಂದಂತೂ ಅಂಥ ತಂದೆಯ ಹೆಸರು ಸೇರಬೇಕಾದರೆ ಅವನೇ ತಾಯಿಯ ಜೊತೆ ಬಂದು ಸಹಿ ಹಾಕಬೇಕಿತ್ತು. ಅಲ್ಲಿ ಎಳೆದಿರುವ ಸಣ್ಣ ಗೀಟು ನೋಡಿದಾಗ ನನಗೆ ಪ್ರತಿ ಸಲವೂ ಸಂಕಟವಾಗುತ್ತದೆ. ಆ ತಾಯಿ ಒಬ್ಬಳೇ ರಿಜಿಸ್ಟ್ರಾರ್ ಮುಂದೆ ಕೂತಿದ್ದಳು.

ಮುಂದೆ ಆಕೆ ಬೇರೆಯವರನ್ನು ಮದುವೆಯಾದರೆ ಮಗು ಮಲತಂದೆಯ ಹೆಸರಲ್ಲಿ ಬೆಳೆಯುತ್ತದೆ. ಕಾನೂನಿನ ದತ್ತು ಅಲ್ಲಿ ಜಾರಿಗೆ ಬಂದಿದ್ದೇ 1927ರಲ್ಲಿ, ಹಾಗಾಗಿ ಇದಕ್ಕೆ ಕಾಗದ ಪತ್ರ ಇರುವುದಿಲ್ಲ. ಆ ಹುಡುಗ ದೊಡ್ಡವನಾಗಿ ಮದುವೆಯ ದಿನ ‘ತಂದೆಯ ಹೆಸರು’ ಅಂದಾಗ ಮಲತಂದೆಯದ್ದನ್ನೋ ತಾತನದ್ದನ್ನೋ ಹೇಳಿರುತ್ತಾನೆ. ಪರೀಕ್ಷೆ ಮಾಡುವವರು ಯಾರೂ ಇರಲಿಲ್ಲ. ಇಂಗ್ಲಿಷ್ ಕಾನೂನಿನಲ್ಲಿ, ಮೋಸದ ಉದ್ದೇಶ ಇಲ್ಲದಿದ್ದರೆ, ಯಾವ ಹೆಸರಲ್ಲಾದರೂ ಬದುಕಬಹುದು.

ಇದಕ್ಕೆ ಎಲ್ಲರಿಗೂ ಗೊತ್ತಿರುವವರ ಉದಾಹರಣೆ ಟಿ. ಇ. ಲಾರೆನ್ಸ್, ಮೊದಲ ಮಹಾಯುದ್ಧದಲ್ಲಿ ಅರಬರ ಜೊತೆ ಸೇರಿ ಹೋರಾಡಿದ ಬ್ರಿಟಿಷ್ ಸೇನಾಧಿಕಾರಿ, ‘ಲಾರೆನ್ಸ್ ಆಫ್ ಅರೇಬಿಯಾ’. ಅವರ ತಂದೆ ಥಾಮಸ್ ಚಾಪ್ಮನ್, ಐರ್ಲೆಂಡಿನ ಜಮೀನ್ದಾರ. ಹೆಂಡತಿಯನ್ನು ಬಿಟ್ಟು, ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಸಾರಾ ಜೊತೆ ಹೊರಟುಬಂದರು. ಮದುವೆಯಾಗಲು ಆಗಲಿಲ್ಲ, ಲಾರೆನ್ಸ್ ದಂಪತಿ ಅಂತ ಹೇಳಿಕೊಂಡೇ ಬಾಳಿದರು. ಸಾರಾ ಹುಟ್ಟಿದಾಗ ದಾಖಲಾದ ಸರ್‌ನೇಮ್ ಜನ್ನರ್. ಮಗ 1922ರಲ್ಲಿ ವಾಯುಪಡೆಗೆ ಸೇರಿದ್ದು ರಾಸ್ ಹೆಸರಲ್ಲಿ, ಆಮೇಲೆ ಶಾ ಆದರು, 1927ರಲ್ಲಿ ಅದನ್ನು ಡೀಡ್ ಪೋಲ್ (ಹೆಸರು ಬದಲಿಸಿಕೊಂಡೆ ಎಂದು ಬರೆದುಕೊಡುವ ಕಾನೂನಿನ ಪತ್ರ) ಮಾಡಿಸಿಕೊಂಡರು. 1935ರಲ್ಲಿ ತೀರಿಕೊಂಡಾಗ ಅವರು ಶಾ. ಡಾರ್ಸೆಟ್‌ನ ಮೋರ್ಟನ್‌ನಲ್ಲಿರುವ ಸಮಾಧಿ ಕಲ್ಲಿನ ಮೇಲೆ ಮಾತ್ರ ಲಾರೆನ್ಸ್ ಅಂತಿದೆ. ಅಪ್ಪ, ಅಮ್ಮ, ಮಗ ಮೂವರಲ್ಲಿ ಐದು ಸರ್‌ನೇಮ್, ಒಂದೂ ಬರೆದವರ ತಪ್ಪಲ್ಲ.

ಹಾಗಾದರೆ ನಿಮ್ಮ ಮುತ್ತಾತ ಒಬ್ಬರೇನಾ, ಇಬ್ಬರಾ? ಮೊದಲು ಒಂದೇ ವರ್ಷದ ಜನಗಣತಿಯಲ್ಲಿ ಎರಡೂ ಹೆಸರು ಹುಡುಕಿ. ಅದೇ ವಯಸ್ಸು, ಅದೇ ಹುಟ್ಟೂರಿನವರು ಎರಡು ಬೇರೆ ಮನೆಯಲ್ಲಿ ಸಿಕ್ಕರೆ ಹೆಚ್ಚುಕಡಿಮೆ ಅವರು ಇಬ್ಬರು. ಒಂದು ಹೆಸರು ನಿಂತ ಮೇಲೆಯೇ ಇನ್ನೊಂದು ಶುರುವಾದರೆ, ಮೊದಲಿನ ಹೆಸರಿನವರು ಸತ್ತ ದಾಖಲೆಯೂ ಇಲ್ಲದಿದ್ದರೆ, ಒಬ್ಬರೇ ಅನ್ನುವುದಕ್ಕೆ ಬಲ ಬರುತ್ತದೆ. ಆಮೇಲೆ ಕಸುಬು, ವಿಳಾಸ, ಮಕ್ಕಳಿಗಿಟ್ಟ ಹೆಸರುಗಳನ್ನು ತಾಳೆ ನೋಡಿ. ಸರ್‌ನೇಮ್ ಬದಲಾದರೂ ಬಡಗಿಯ ಮಗ ಬಡಗಿಯಾಗಿಯೇ ಕಾಣಿಸುವುದು ಸಾಮಾನ್ಯ.

ಒಂದೇ ಘಟನೆಗೆ ಇನ್ನೊಂದು ಪ್ರತಿ ಇದೆಯಾ ಅಂತಲೂ ನೋಡಿ. 1598ರಿಂದ ಚರ್ಚುಗಳು ರಿಜಿಸ್ಟರಿನ ನಕಲನ್ನು ಬಿಷಪ್‌ಗೆ ಕಳಿಸಬೇಕಿತ್ತು. ಮುತ್ತಾತ ಕೋಲಾರದ ಗಣಿಗೋ ಬೆಂಗಳೂರು ದಂಡಿಗೋ ಬಂದಿದ್ದರೆ, ಇಲ್ಲಿನ ಮದುವೆ, ದೀಕ್ಷಾಸ್ನಾನದ ನಕಲುಗಳು ಮದ್ರಾಸಿನ ಮೂಲಕ ಲಂಡನ್‌ಗೆ ಹೋಗಿವೆ, ಬ್ರಿಟಿಷ್ ಲೈಬ್ರರಿಯಲ್ಲಿ ಹುಡುಕಬೇಕು.

ನಿಮ್ಮ ಜಾಗದಲ್ಲಿ ನಾನಿದ್ದರೆ ಮುತ್ತಾತನ ಒಡಹುಟ್ಟಿದವರಿಂದ ಶುರು ಮಾಡುತ್ತಿದ್ದೆ. ಇಂಗ್ಲೆಂಡಿನ ಜನನ ಮರಣ ದಾಖಲೆ ಇಡುವ ಜನರಲ್ ರಿಜಿಸ್ಟರ್ ಆಫೀಸಿನ ಆನ್‌ಲೈನ್ ಇಂಡೆಕ್ಸಿನಲ್ಲಿ 1837ರಿಂದಲೂ ತಾಯಿಯ ತವರಿನ ಸರ್‌ನೇಮ್ ಸಿಗುತ್ತದೆ. ಒಬ್ಬ ತಂಗಿಯ ಜನನ ಪತ್ರ ತರಿಸಿ. ಹಾಗೇ ಮುತ್ತಾತನ ಮದುವೆ ಪತ್ರದ ಕೊನೇ ಸಾಲಿನಲ್ಲಿರುವ ಸಾಕ್ಷಿಗಳ ಹೆಸರನ್ನು ಇನ್ನೊಮ್ಮೆ ಓದಿ. ಬಿಟ್ಟುಹೋದ ಆ ಹಳೆಯ ಸರ್‌ನೇಮ್ ಅಲ್ಲಿ ಅಣ್ಣನದ್ದೋ ಅಕ್ಕನದ್ದೋ ಸಹಿಯಾಗಿ ಇರಬಹುದು.