ಬೆಂಗಳೂರಿಗೆ ಬರುವ ಮುಂಚೆ ಏರಿಯಾ, ಬಾಡಿಗೆ ಮನೆ ನೋಡುವುದು ಹೇಗೆ?

ಪ್ರಶ್ನೆ: ನಾವು ಧಾರವಾಡದಲ್ಲಿದ್ದೇವೆ. ನನಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಸಿಕ್ಕಿದೆ. ಹೆಂಡತಿಗೆ ಮೆಜೆಸ್ಟಿಕ್ ಹತ್ತಿರದ ಆಫೀಸಿಗೆ ವರ್ಗ ಆಗಿದೆ. ಮಗಳು ಜೂನ್‌ನಲ್ಲಿ ನಾಲ್ಕನೇ ಕ್ಲಾಸು. ಒಂದು ಶನಿವಾರ-ಭಾನುವಾರ ಬಂದು ಮನೆ ನೋಡಿ, ಅಡ್ವಾನ್ಸ್ ಕೊಟ್ಟು ಹೋಗೋಣ ಅಂದುಕೊಂಡಿದ್ದೇವೆ. ಯಾವ ಏರಿಯಾ ಒಳ್ಳೆಯದು? ಏನೇನು ನೋಡಬೇಕು?

ಉತ್ತರ: ದಯವಿಟ್ಟು ಶನಿವಾರ-ಭಾನುವಾರ ಬರಬೇಡಿ. ರಜೆ ಹಾಕಿಯಾದರೂ ವಾರದ ಮಧ್ಯೆ ಬನ್ನಿ. ಭಾನುವಾರ ಬೆಳಿಗ್ಗೆ ಎಲೆಕ್ಟ್ರಾನಿಕ್ ಸಿಟಿ ದಾರಿಯ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವುದಕ್ಕೂ ಮಂಗಳವಾರ ಸಂಜೆ ಆರೂವರೆಗೆ ದಾಟುವುದಕ್ಕೂ ಸಂಬಂಧವೇ ಇಲ್ಲ. ಭಾನುವಾರ ನೋಡಿದರೆ ಎಲ್ಲ ಮನೆಯೂ ಆಫೀಸಿಗೆ ಹತ್ತಿರ ಅನಿಸುತ್ತದೆ, ಬ್ರೋಕರ್ ಹೇಳಿದ್ದೆಲ್ಲ ನಿಜ ಅನಿಸುತ್ತದೆ. ಆಮೇಲೆ ಹನ್ನೊಂದು ತಿಂಗಳು ಆ ರಸ್ತೆಯಲ್ಲಿ ಓಡಾಡಬೇಕಾದವರು ನೀವು.

ಇನ್ನು "ಯಾವ ಏರಿಯಾ ಒಳ್ಳೆಯದು" ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಯಾಕೆಂದರೆ ಎಲ್ಲರೂ ತಾವಿರುವ ಏರಿಯಾವನ್ನೇ ಹೊಗಳುವುದು. ಬೆಂಗಳೂರಿನಲ್ಲಿ ಮನೆಗಿಂತ ಮೊದಲು ದಾರಿ ಆರಿಸಬೇಕು. ನಿಮ್ಮ ಮನೆಯಿಂದ ದಿನಾ ಮೂರು ದಾರಿ ಹೊರಡುತ್ತವೆ: ನಿಮ್ಮದು, ನಿಮ್ಮ ಹೆಂಡತಿಯದು, ಮಗಳದು. ಮೂರೂ ಎಲ್ಲಿ ಹತ್ತಿರ ಬರುತ್ತವೆ ಅಂತ ನೋಡಿದರೆ ಹುಡುಕಬೇಕಾದ ಜಾಗ ತಾನಾಗಿ ಚಿಕ್ಕದಾಗುತ್ತದೆ.

ನಿಮ್ಮ ವಿಷಯದಲ್ಲಿ ಇದು ಈಗ ಸುಲಭ ಆಗಿದೆ. 2025ರ ಆಗಸ್ಟ್‌ನಲ್ಲಿ ಮೆಟ್ರೋದ ಹಳದಿ ಮಾರ್ಗ ಶುರುವಾಯಿತು. ಆರ್.ವಿ. ರೋಡ್‌ನಿಂದ ಬೊಮ್ಮಸಂದ್ರದವರೆಗೆ 19 ಕಿಲೋಮೀಟರ್, ನಡುವೆ ಎಲೆಕ್ಟ್ರಾನಿಕ್ ಸಿಟಿ ಬರುತ್ತದೆ. ಅದೇ ಆರ್.ವಿ. ರೋಡ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿಕೊಂಡರೆ ಜಯನಗರ, ಲಾಲ್‌ಬಾಗ್, ಕೆ.ಆರ್. ಮಾರ್ಕೆಟ್ ದಾಟಿ ಮೆಜೆಸ್ಟಿಕ್. ಅಂದರೆ ನಿಮ್ಮಿಬ್ಬರ ದಾರಿ ಸೇರುವುದು ಆರ್.ವಿ. ರೋಡ್‌ನಲ್ಲಿ. ಅಲ್ಲಿಂದ ಹೊರಗೆ ಹುಡುಕುತ್ತಾ ಹೋಗಿ.

ಜಯನಗರ, ಬಸವನಗುಡಿ ಚೆನ್ನಾಗಿವೆ, ಆದರೆ ಬಾಡಿಗೆ ಜಾಸ್ತಿ, ಮತ್ತೆ ಕಡಿಮೆ ಬಾಡಿಗೆಗೆ ಸಿಗುವುದು ಹೆಚ್ಚಾಗಿ ಹಳೆಯ, ಬೆಳಕಿಲ್ಲದ ಮನೆಗಳು. ಹಸಿರು ಮಾರ್ಗದಲ್ಲಿ ದಕ್ಷಿಣಕ್ಕೆ ಹೋದ ಹಾಗೆ, ಬನಶಂಕರಿ ದಾಟಿ ಯಲಚೇನಹಳ್ಳಿ, ಕೋಣನಕುಂಟೆ ಕ್ರಾಸ್, ವಾಜರಹಳ್ಳಿ ಕಡೆ, ಅದೇ ದುಡ್ಡಿಗೆ ದೊಡ್ಡ ಮನೆ ಸಿಗುತ್ತದೆ. ಹಳದಿ ಮಾರ್ಗದ ಹೊಂಗಸಂದ್ರ, ಕೂಡ್ಲು ಗೇಟ್, ಸಿಂಗಸಂದ್ರ ನಿಮಗೆ ಇನ್ನೂ ಹತ್ತಿರ, ಆದರೆ ಆಗ ದಿನಾ ದೂರದ ಓಡಾಟ, ಜೊತೆಗೆ ರೈಲು ಬದಲಾಯಿಸುವುದು, ಎರಡೂ ನಿಮ್ಮ ಹೆಂಡತಿಯ ಪಾಲಿಗೆ. ಇದನ್ನು ಇಬ್ಬರೂ ಕೂತು ಮಾತಾಡಿ ತೀರ್ಮಾನ ಮಾಡಿ. ಎಷ್ಟೋ ಮನೆಗಳಲ್ಲಿ ಗಂಡನ ಆಫೀಸು ನೋಡಿ ಮನೆ ಮಾಡುತ್ತಾರೆ, ಹೆಂಡತಿ ಬೆಳಿಗ್ಗೆ ಅಡುಗೆ ಮುಗಿಸಿ ಎರಡು ಬಸ್ ಹತ್ತಿ ಹೋಗುತ್ತಾರೆ. ಅದು ಸರಿಯಲ್ಲ.

ದುಡ್ಡಿನ ಲೆಕ್ಕವೂ ಇದರಲ್ಲೇ ಸೇರುತ್ತದೆ. 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಏರಿತು, ಗರಿಷ್ಠ ದರ 90 ರೂಪಾಯಿಗೆ ಹೋಯಿತು. ಇಬ್ಬರೂ ದಿನಾ ಹೋಗಿ ಬಂದರೆ ತಿಂಗಳಿಗೆ ಕೆಲವು ಸಾವಿರ. ಇನ್ನೊಂದು ಕಡೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಿಎಂಟಿಸಿ ಬಸ್ ಉಚಿತ, ಎಸಿ ಬಸ್‌ಗೆ ಮಾತ್ರ ಟಿಕೆಟ್. ಮೆಜೆಸ್ಟಿಕ್‌ಗೆ ನೇರ ಬಸ್ ಇರುವ ಏರಿಯಾ ಆದರೆ, ಬನಶಂಕರಿಯಂಥದ್ದು, ಹೆಂಡತಿಯ ಆ ಖರ್ಚು ಪೂರ್ತಿ ಉಳಿಯುತ್ತದೆ. ಬಾಡಿಗೆ ಎರಡು ಸಾವಿರ ಜಾಸ್ತಿ ಇದ್ದರೂ ಕೆಲವು ಸಲ ಇದೇ ಲಾಭ.

"ಮೆಟ್ರೋ ಹತ್ತಿರ" ಅಂತ ಜಾಹೀರಾತಿನಲ್ಲಿ ಇದ್ದರೆ ಆ ದಾರಿಯನ್ನು ನಡೆದೇ ನೋಡಿ, ಬೆಳಿಗ್ಗೆ ಒಂದು ಸಲ, ಕತ್ತಲಾದ ಮೇಲೆ ಒಂದು ಸಲ. ಮ್ಯಾಪ್‌ನಲ್ಲಿ ಒಂದು ಕಿಲೋಮೀಟರ್ ಇರುವುದು ಫುಟ್‌ಪಾತ್ ಇಲ್ಲದ, ಬೀದಿದೀಪ ಇಲ್ಲದ ದಾರಿಯಾಗಿದ್ದರೆ ನೀವು ಯಾರೂ ನಡೆಯುವುದಿಲ್ಲ, ದಿನಾ ಆಟೋ ಹಿಡಿಯುತ್ತೀರಿ. ರೈಲು ಎಷ್ಟು ಹೊತ್ತಿಗೊಂದು ಬರುತ್ತದೆ ಅಂತಲೂ ನಿಂತು ನೋಡಿ. ಹಳದಿ ಮಾರ್ಗದಲ್ಲಿ ಶುರುವಿನಲ್ಲಿ 25 ನಿಮಿಷಕ್ಕೊಂದು ರೈಲು ಇತ್ತು, ರೈಲುಗಳು ಬಂದ ಹಾಗೆ ಆ ಅಂತರ ಕಡಿಮೆಯಾಗುತ್ತಾ ಬಂದಿದೆ.

ಮಗಳ ಸ್ಕೂಲಿನ ವಿಷಯದಲ್ಲಿ ತಡ ಮಾಡಬೇಡಿ. ಜೂನ್‌ಗೆ ಶಾಲೆ ಅಂದರೆ ಮೇ ತಿಂಗಳಲ್ಲಿ ಕೇಳಿದರಾಯಿತು ಅನ್ನುವುದು ಇಲ್ಲಿ ನಡೆಯುವುದಿಲ್ಲ. ಬೇಡಿಕೆ ಇರುವ ಖಾಸಗಿ ಶಾಲೆಗಳಲ್ಲಿ ಹಿಂದಿನ ವರ್ಷದ ಕೊನೆಯಿಂದಲೇ ಅಡ್ಮಿಷನ್ ಶುರುವಾಗಿರುತ್ತದೆ, ನಾಲ್ಕನೇ ಕ್ಲಾಸಿಗೆ ಯಾರಾದರೂ ಬಿಟ್ಟು ಹೋದರೆ ಮಾತ್ರ ಸೀಟು. ಹಾಗಾಗಿ ಒಂದೆರಡು ಶಾಲೆಯಲ್ಲಿ ಸೀಟು ಖಚಿತ ಆದ ಮೇಲೆಯೇ ಮನೆಗೆ ಅಡ್ವಾನ್ಸ್ ಕೊಡಿ.

ಈಗ ನೀರು. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ಮನೆ ನೋಡಲು ಬಂದವರು ಟೈಲ್ಸ್ ನೋಡುತ್ತಾರೆ, ವಾರ್ಡ್‌ರೋಬ್ ತೆಗೆದು ನೋಡುತ್ತಾರೆ, ನಲ್ಲಿ ತಿರುಗಿಸುವುದಿಲ್ಲ. ಬೆಂಗಳೂರಿಗೆ ಕಾವೇರಿ ನೀರು ಬರುವುದು ಸುಮಾರು ನೂರು ಕಿಲೋಮೀಟರ್ ದೂರದಿಂದ, ಪಂಪ್ ಮಾಡಿಕೊಂಡು. ಹಳೆಯ ಬಡಾವಣೆಗಳಿಗೆ ಆ ಪೈಪು ಮೊದಲಿನಿಂದ ಇದೆ. ಹೊರವಲಯದ 110 ಹಳ್ಳಿಗಳು ಪಾಲಿಕೆಗೆ ಸೇರಿದ್ದು 2007ರಲ್ಲಿ. ಅವುಗಳಿಗಾಗಿ ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆ ಆಗಿದ್ದು 2024ರ ಅಕ್ಟೋಬರ್‌ನಲ್ಲಿ. ರಸ್ತೆಯಲ್ಲಿ ಪೈಪು ಬಂದ ಮಾತ್ರಕ್ಕೆ ಮನೆಗೆ ನೀರು ಬಂತು ಅಂತಲ್ಲ, ಓನರ್ ದುಡ್ಡು ಕಟ್ಟಿ ಸಂಪರ್ಕ ತೆಗೆದುಕೊಂಡಿರಬೇಕು. ಅದೇ ವರ್ಷ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ನೀರಿನ ದರಕ್ಕೆ ಸರ್ಕಾರವೇ ಮಿತಿ ಹಾಕಬೇಕಾದ ಸ್ಥಿತಿ ಬಂದಿತ್ತು. ಜಾಸ್ತಿ ಕಷ್ಟಪಟ್ಟವರು ಬರೀ ಬೋರ್ ನಂಬಿಕೊಂಡಿದ್ದವರು.

ಹಾಗಾಗಿ ಮನೆಯೊಳಗೆ ಹೋಗುವ ಮುಂಚೆ ಗೇಟಿನ ಹತ್ತಿರ ನಿಲ್ಲಿ. ಜಲಮಂಡಳಿಯ ಮೀಟರ್ ಇದೆಯಾ ನೋಡಿ. ಸಂಪಿನ ಮುಚ್ಚಳ ತೆಗೆಸಿ, ಎಷ್ಟು ದೊಡ್ಡದು, ಎಷ್ಟು ಮನೆಗೆ ಅದೊಂದೇ ಸಂಪು ಅಂತ ಕೇಳಿ. ಅಡುಗೆ ಮನೆಯಲ್ಲಿ ಎರಡು ನಲ್ಲಿ ಇದ್ದರೆ ಒಂದು ಕಾವೇರಿ, ಒಂದು ಬೋರ್ ಇರಬಹುದು, ಎರಡನ್ನೂ ಬಿಟ್ಟು ನೋಡಿ. ಬಾತ್‌ರೂಮಿನ ನಲ್ಲಿಯ ಬಾಯಿ, ಶವರ್‌ನ ತೂತುಗಳನ್ನು ಬೆರಳಿನಿಂದ ಮುಟ್ಟಿ. ಬಿಳಿ ಉಪ್ಪಿನ ಪದರ ಗಟ್ಟಿಯಾಗಿ ಕೂತಿದ್ದರೆ ಗಡಸು ನೀರು, ಗೀಸರ್ ಬೇಗ ಕೆಡುತ್ತದೆ, ವಾಷಿಂಗ್ ಮೆಷಿನ್ ಕೆಡುತ್ತದೆ. ಓನರ್ "ಟ್ವೆಂಟಿಫೋರ್ ಅವರ್ಸ್ ವಾಟರ್" ಅನ್ನುತ್ತಾರೆ, ಓವರ್‌ಹೆಡ್ ಟ್ಯಾಂಕ್ ತುಂಬಿದ್ದರೆ ಅದು ಸುಳ್ಳೂ ಅಲ್ಲ. ಆ ಟ್ಯಾಂಕ್ ತುಂಬುವುದು ಎಲ್ಲಿಂದ ಅನ್ನುವುದು ಪ್ರಶ್ನೆ. ಓನರ್ ಇಲ್ಲದ ಹೊತ್ತಿನಲ್ಲಿ ಮೇಲಿನ ಮನೆಯ ಬಾಡಿಗೆಯವರನ್ನು ಕೇಳಿ. "ನೀರು ಚೆನ್ನಾಗಿ ಬರುತ್ತಾ" ಅಂತ ಕೇಳಿದರೆ ಹೂಂ ಅನ್ನುತ್ತಾರೆ. "ಅಕ್ಕಾ, ಹೋದ ಮಾರ್ಚ್‌ನಲ್ಲಿ ಎಷ್ಟು ಸಲ ಟ್ಯಾಂಕರ್ ಹಾಕಿಸಿದ್ರಿ, ದುಡ್ಡು ಯಾರು ಕೊಟ್ರು?" ಅಂತ ಕೇಳಿ, ನಿಜ ಹೊರಗೆ ಬರುತ್ತದೆ.

ನೀರು ಇಲ್ಲದಿರುವುದು ಒಂದು ಕಷ್ಟವಾದರೆ ಮನೆಯೊಳಗೆ ಬರುವುದು ಇನ್ನೊಂದು. 2022ರ ಸೆಪ್ಟೆಂಬರ್ ಮಳೆಗೆ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಕಡೆ ಕೋಟಿಗಟ್ಟಲೆ ಬೆಲೆಯ ಮನೆಗಳೇ ಮುಳುಗಿ, ಜನರನ್ನು ದೋಣಿ, ಟ್ರ್ಯಾಕ್ಟರ್‌ನಲ್ಲಿ ಸಾಗಿಸಬೇಕಾಯಿತು. ಕೆರೆಯ ಅಂಗಳ, ರಾಜಕಾಲುವೆ (ಮಳೆನೀರು ಹರಿಯುವ ದೊಡ್ಡ ಕಾಲುವೆ) ಪಕ್ಕದ ತಗ್ಗು ಜಾಗ ಅಂದರೆ ನೆಲಮಹಡಿ ಬೇಡವೇ ಬೇಡ. ಗೋಡೆಯ ಕೆಳಭಾಗಕ್ಕೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ, ಕಾಂಪೌಂಡ್ ಮೇಲೆ ಒಂದೇ ಮಟ್ಟದಲ್ಲಿ ಕೆಸರಿನ ಗೆರೆ ಇದ್ದರೆ, ಎದುರಿನ ದಿನಸಿ ಅಂಗಡಿಯವರನ್ನು ಕೇಳಿ. ನಂದಿನಿ ಬೂತ್, ಇಸ್ತ್ರಿ ಅಂಗಡಿ, ದಿನಸಿ ಅಂಗಡಿ, ಇವರಿಗೆ ಬೀದಿಯ ಚರಿತ್ರೆ ಗೊತ್ತಿರುತ್ತದೆ. ಮನೆ ಖಾಲಿ ಇರುವುದೂ ಇವರಿಗೇ ಮೊದಲು ಗೊತ್ತಾಗುವುದು. ಹಳೆಯ ಏರಿಯಾಗಳಲ್ಲಿ ಎಷ್ಟೋ ಓನರ್‌ಗಳು ಆ್ಯಪ್‌ಗೆ ಹಾಕುವುದೇ ಇಲ್ಲ, ಗೇಟಿಗೆ ಟು-ಲೆಟ್ ಬೋರ್ಡ್ ಕಟ್ಟಿ ಸುಮ್ನೆ ಇರುತ್ತಾರೆ. ಅಂಥ ಮನೆ ಸಿಕ್ಕರೆ ಬ್ರೋಕರ್‌ಗೆ ಕೊಡುವ ಒಂದು ತಿಂಗಳ ಬಾಡಿಗೆ ಉಳಿಯುತ್ತದೆ.

ಅಡ್ವಾನ್ಸ್ ವಿಷಯಕ್ಕೆ ಬರೋಣ. ಧಾರವಾಡದ ಲೆಕ್ಕ ಇಲ್ಲಿ ಹಿಡಿಯಬೇಡಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳುವ ರೂಢಿ ಬಹಳ ಕಾಲದಿಂದ ಇದೆ, ಈಗ ಐದಾರು ತಿಂಗಳಿಗೆ ಒಪ್ಪುವವರೂ ತುಂಬಾ ಜನ ಇದ್ದಾರೆ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳು ಸಾಕು ಅನ್ನುತ್ತದೆ, ಆದರೆ ಅದು ಬರೀ ಮಾದರಿ, ಓನರ್ ಮುಂದೆ ಅದನ್ನು ತೋರಿಸಿ ವಾದ ಮಾಡಲು ಆಗುವುದಿಲ್ಲ. ಚೌಕಾಸಿ ಮಾಡಿ, ತಪ್ಪಿಲ್ಲ. ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರೆ, ಅದು ಕರಾರಿನಲ್ಲಿ ಏನಂತ ಬರೆದಿದೆ ನೋಡಿ. ವರ್ಷಕ್ಕೆ ಎಷ್ಟು ಬಾಡಿಗೆ ಏರಿಸುತ್ತಾರೆ, ಮೇಂಟೆನೆನ್ಸ್ ಬೇರೆಯೋ ಸೇರಿದೆಯೋ, ಟ್ಯಾಂಕರ್ ದುಡ್ಡು ಯಾರದು, ಬಿಡುವ ಮುಂಚೆ ಎಷ್ಟು ತಿಂಗಳ ನೋಟಿಸ್, ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್, ಇಷ್ಟೂ ಕಾಗದದಲ್ಲಿ ಬರಬೇಕು. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಬೇಕಾಗುತ್ತದೆ, ಅದಕ್ಕೇ ಎಲ್ಲರೂ ಹನ್ನೊಂದು ತಿಂಗಳಿಗೆ ಬರೆಯುವುದು. ವರ್ಷದ ಬಾಡಿಗೆ ಒಂದು ಲಕ್ಷ ದಾಟಿ ನೀವು ಎಚ್‌ಆರ್‌ಎ ಕ್ಲೇಮ್ ಮಾಡುವವರಾದರೆ ಓನರ್ ಪ್ಯಾನ್ ನಂಬರ್ ಬೇಕು. ಕೊಡುತ್ತಾರಾ ಅಂತ ಅಡ್ವಾನ್ಸ್ ಕೊಡುವ ಮುಂಚೆಯೇ ಕೇಳಿ.

ಯಾರಾದರೂ "ಬಾಡಿಗೆ ಯಾಕೆ, ಲೀಸ್‌ಗೆ ತಗೊಳ್ಳಿ, ಒಂದೇ ಸಲ ದೊಡ್ಡ ಮೊತ್ತ ಕೊಟ್ಟರೆ ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ದುಡ್ಡು ಪೂರ್ತಿ ವಾಪಸ್ ಬರುತ್ತೆ" ಅಂದರೆ, ಹೊಸದಾಗಿ ಬಂದವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಆ ಮನೆ ಮೇಲೆ ಬ್ಯಾಂಕ್ ಸಾಲ ಇದ್ದು ಓನರ್ ಕಂತು ಕಟ್ಟದಿದ್ದರೆ ಬ್ಯಾಂಕಿನವರು ನಿಮ್ಮ ಬಾಗಿಲಿಗೆ ಬರುತ್ತಾರೆ, ನಿಮ್ಮ ಹತ್ತು ಹದಿನೈದು ಲಕ್ಷ ಸಿಕ್ಕಿಹಾಕಿಕೊಳ್ಳುತ್ತದೆ. ತಗೊಳ್ಳಲೇಬೇಕು ಅಂದರೆ ಇಸಿ (ಆಸ್ತಿಯ ಮೇಲೆ ನೋಂದಣಿಯಾದ ಸಾಲ, ವ್ಯವಹಾರ ತೋರಿಸುವ ಋಣಭಾರ ಪತ್ರ) ತೆಗೆಸಿ, ವಕೀಲರಿಗೆ ತೋರಿಸಿ, ನೋಂದಣಿ ಮಾಡಿಸಿ.

ದೂರದಲ್ಲಿರುವವರಿಗೇ ಬಲೆ ಬೀಸುವ ಇನ್ನೊಂದು ಮೋಸ ಇದೆ. ಫೋಟೋದಲ್ಲಿ ಚಂದದ ಮನೆ, ಬಾಡಿಗೆ ಕಡಿಮೆ, ಓನರ್ "ಸೇನೆಯಲ್ಲಿದ್ದೇನೆ, ಬೇರೆ ಕಡೆ ಪೋಸ್ಟಿಂಗ್ ಆಗಿದೆ, ಟೋಕನ್ ಹಾಕಿ, ಮನೆ ಹಿಡಿದಿಡುತ್ತೇನೆ" ಅನ್ನುತ್ತಾರೆ, ಐಡಿ ಕಾರ್ಡ್ ಕೂಡ ಕಳಿಸುತ್ತಾರೆ. ಒಳಗೆ ಕಾಲಿಡದ ಮನೆಗೆ ಒಂದು ರೂಪಾಯಿಯೂ ಹಾಕಬೇಡಿ. ಈಗಾಗಲೇ ಹಾಕಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕೆಲವು ಓನರ್‌ಗಳು ಜಾತಿ ಕೇಳುತ್ತಾರೆ, ಮಾಂಸ ತಿನ್ನುತ್ತೀರಾ ಅಂತ ಕೇಳುತ್ತಾರೆ. ಕೇಳುವುದು ತಪ್ಪು. ಸುಳ್ಳು ಹೇಳಿ ಆ ಮನೆಗೆ ಹೋಗಿ ದಿನಾ ಕಿಟಕಿ ಮುಚ್ಚಿಕೊಂಡು ಅಡುಗೆ ಮಾಡುವ ಬದಲು ಮುಂದಿನ ಬೀದಿಗೆ ಹೋಗಿ, ಅಲ್ಲೂ ಮನೆ ಇರುತ್ತದೆ.

ಊರಿಗೆ ಹೋಗಿ ಬರುವುದನ್ನೂ ಲೆಕ್ಕಕ್ಕೆ ತಗೊಳ್ಳಿ, ಅಪ್ಪ-ಅಮ್ಮ ಅಲ್ಲೇ ಇದ್ದರೆ ಇನ್ನೂ ಮುಖ್ಯ. ಹುಬ್ಬಳ್ಳಿ-ಧಾರವಾಡದ ಬಸ್‌ಗಳು ಹೋಗುವುದು ತುಮಕೂರು ರಸ್ತೆಯಲ್ಲಿ, ಧಾರವಾಡದ ವಂದೇ ಭಾರತ್ ಹೊರಡುವುದು ಮೆಜೆಸ್ಟಿಕ್ ಎದುರಿನ ಕೆಎಸ್‌ಆರ್ ನಿಲ್ದಾಣದಿಂದ. ನಮ್ಮ ಕಡೆಯ ಎಷ್ಟೋ ಜನ ವಿಜಯನಗರ, ರಾಜಾಜಿನಗರ, ದಾಸರಹಳ್ಳಿ ಹಿಡಿದು ಕೂತಿರುವುದಕ್ಕೆ ಇದೂ ಒಂದು ಕಾರಣ. ನೀವು ಹಸಿರು ಮಾರ್ಗದ ಮೇಲಿದ್ದರೆ ಲಗೇಜ್ ಹಿಡಿದು ಒಂದೇ ರೈಲಿನಲ್ಲಿ ಮೆಜೆಸ್ಟಿಕ್ ಅಥವಾ ಯಶವಂತಪುರ ತಲುಪಬಹುದು. ಶುಕ್ರವಾರ ಸಂಜೆ ಇದರ ಬೆಲೆ ಗೊತ್ತಾಗುತ್ತದೆ.

ಇಷ್ಟೆಲ್ಲ ಎರಡು ದಿನದಲ್ಲಿ ಆಗುತ್ತಾ? ಆಗುವುದಿಲ್ಲ. ನನ್ನನ್ನು ಕೇಳಿದರೆ ನೀವೊಬ್ಬರೇ ಮೊದಲು ಬನ್ನಿ, ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ. ಒಂದೆರಡು ತಿಂಗಳು ಪಿಜಿಯಲ್ಲಿ ಇರಿ, ಬನಶಂಕರಿಯ ಆಸುಪಾಸಿನಲ್ಲಿ. ಆಫೀಸಿಗೆ ಹೋಗಿ ಬರುತ್ತಾ, ಸಂಜೆ ಒಂದೊಂದು ಬೀದಿ ನಡೆಯುತ್ತಾ ಮನೆ ನೋಡಿ. ನೀರಿನ ಕಷ್ಟ ಗೊತ್ತಾಗುವುದೂ ಆ ತಿಂಗಳುಗಳಲ್ಲೇ. ಎರಡು-ಮೂರು ಮನೆ ಆರಿಸಿಕೊಂಡ ಮೇಲೆ ಹೆಂಡತಿ, ಮಗಳು ಬಂದು ನೋಡಲಿ. ಪಿಜಿಗೆ ಹೋಗುವ ಹದಿನೈದು ಇಪ್ಪತ್ತು ಸಾವಿರ ದಂಡ ಅನಿಸಬಹುದು, ಆದರೆ ತಪ್ಪು ಮನೆ ಹಿಡಿದು ಆರು ತಿಂಗಳಿಗೆ ಬದಲಾಯಿಸಿದರೆ ಪೇಂಟಿಂಗ್, ಬ್ರೋಕರ್, ಸಾಮಾನು ಸಾಗಿಸುವ ಲಾರಿ ಸೇರಿ ಅದಕ್ಕಿಂತ ತುಂಬಾ ಜಾಸ್ತಿ ಹೋಗುತ್ತದೆ. ಸ್ಕೂಲಿನ ಗಡಿಬಿಡಿ ಇಲ್ಲದವರು ಆಷಾಢದಲ್ಲಿ ನೋಡುವುದು ಇನ್ನೂ ಒಳ್ಳೆಯದು. ಆಗ ಹಾಲು ಉಕ್ಕಿಸುವವರು ಕಡಿಮೆ, ಓನರ್‌ಗಳು ಬಾಡಿಗೆ ಸ್ವಲ್ಪ ಇಳಿಸುತ್ತಾರೆ.

ಮನೆ ಒಪ್ಪಿದ ಮೇಲೆ ಕೀ ತೆಗೆದುಕೊಳ್ಳುವ ದಿನ ಪ್ರತಿ ಕೋಣೆಯ ವಿಡಿಯೋ ಮಾಡಿ, ಇರುವ ಬಿರುಕು, ಕಲೆ, ಮುರಿದ ಚಿಲಕ ಎಲ್ಲ ಬರುವ ಹಾಗೆ, ಮತ್ತೆ ಅದನ್ನು ಓನರ್‌ಗೆ ವಾಟ್ಸ್ಆ್ಯಪ್ ಮಾಡಿ. ಕರೆಂಟ್ ಮೀಟರ್‌ನ ರೀಡಿಂಗ್, ಬಿಲ್ಲಿನಲ್ಲಿರುವ ಸಂಪರ್ಕ ಸಂಖ್ಯೆ ಅಂದರೆ ಆರ್‌ಆರ್ ನಂಬರ್ ಬರೆದಿಟ್ಟುಕೊಳ್ಳಿ. ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ, ಆದರೆ ಹಿಂದಿನವರ ಆಧಾರ್ ಆ ಮೀಟರ್‌ಗೆ ಜೋಡಣೆ ಆಗಿದ್ದರೆ ಮೊದಲು ಅದನ್ನು ತೆಗೆಸಬೇಕು. ನೀವು ಧಾರವಾಡದ ಮನೆ ಬಿಡುವಾಗ ಅಲ್ಲಿನ ಮೀಟರ್‌ನಿಂದ ನಿಮ್ಮದನ್ನೂ ತೆಗೆಸಿ ಬನ್ನಿ, ಇಲ್ಲಿ ಅರ್ಜಿ ಹಾಕುವಾಗ ಬೇಕಾಗುತ್ತದೆ.