ಬಿಮ್ ಶುರುವಾಗಲಿ ಟಾಯ್ಲೆಟ್ ಪೈಪಿನಿಂದ

ನಮ್ಮ ಉತ್ತರ ಕನ್ನಡ ಜಿಲ್ಲೆಯ ಇಂಜಿನಿಯರುಗಳ ಹತ್ತಿರ ಬಿಮ್ (BIM, ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್) ಮಾತೆತ್ತಿದರೆ ಮೊದಲು ಬರುವುದು ದುಡ್ಡಿನ ಲೆಕ್ಕ. ಸಾಫ್ಟ್‌ವೇರಿಗೆ ವರ್ಷ ವರ್ಷ ಕಟ್ಟಬೇಕು, ಒಳ್ಳೆಯ ಕಂಪ್ಯೂಟರ್ ಬೇಕು, ಕಲಿಸಿದ ಹುಡುಗ ಬೆಂಗಳೂರಿಗೆ ಹೋಗುತ್ತಾನೆ. ಎಲ್ಲ ನಿಜವೇ. ಆದರೆ ದೊಡ್ಡ ತೊಡಕು ಬೇರೆ ಇದೆ. ನಮ್ಮಲ್ಲಿ ಮನೆಯ ಅರ್ಧ ತೀರ್ಮಾನ ಆಗುವುದೇ ಸೈಟಿನಲ್ಲಿ, ಸೆಂಟ್ರಿಂಗ್ ಹೊಡೆದ ಮೇಲೆ. ಬಿಮ್ ಕೇಳುವುದು ಅದನ್ನೆಲ್ಲ ಮೊದಲೇ ಮುಗಿಸಿ ಅಂತ.

ಬಿಮ್ ಅಂದರೆ ಕಟ್ಟಡವನ್ನು ಕಂಪ್ಯೂಟರಿನಲ್ಲಿ ಒಮ್ಮೆ ಪೂರ್ತಿ ಕಟ್ಟಿ ನೋಡುವುದು. ಕಂಪ್ಯೂಟರಿನಲ್ಲಿ ಗೆರೆ ಎಳೆದು ಮಾಡುವ ಕ್ಯಾಡ್ ನಕ್ಷೆಯಲ್ಲಿ ಗೋಡೆ ಅಂದರೆ ಎರಡು ಗೆರೆ. ಇಲ್ಲಿ ಅದು ಚಿರೆಕಲ್ಲಿನ ಗೋಡೆಯೇ. ದಪ್ಪ, ಎತ್ತರ ಎಲ್ಲ ಅದರಲ್ಲೇ ಇರುತ್ತದೆ. ಕಿಟಕಿ ಸರಿಸಿದರೆ ಪ್ಲಾನ್, ಸೆಕ್ಷನ್, ಕಲ್ಲಿನ ಲೆಕ್ಕ ಒಟ್ಟಿಗೇ ಬದಲಾಗುತ್ತವೆ.

ಮಹಡಿಯ ಟಾಯ್ಲೆಟ್ಟಿನ 110 ಮಿ.ಮೀ. ಪೈಪನ್ನೇ ನೋಡಿ. 40ಕ್ಕೆ 1ರಂತೆ ಇಳಿಜಾರು ಕೊಟ್ಟರೆ 4 ಮೀಟರ್ ಹೋಗುವಷ್ಟರಲ್ಲಿ ಅದು 100 ಮಿ.ಮೀ. ಕೆಳಗಿಳಿದಿರುತ್ತದೆ. ಪ್ಲಾನಿನಲ್ಲಿ ಈ ಇಳಿತ ಕಾಣುವುದಿಲ್ಲ. ಬಿಮ್ ಮಾಡೆಲ್ಲಿನಲ್ಲಿ ಪೈಪು ಬೀಮಿಗೆ (ಸ್ಲ್ಯಾಬ್ ಹೊರುವ ಕಾಂಕ್ರೀಟ್ ತೊಲೆಗೆ) ಹೊಕ್ಕಿದ್ದು ಕಣ್ಣಿಗೆ ಹೊಡೆಯುತ್ತದೆ. ಆಗಲೇ ಪೈಪಿನ ದಾರಿ ಬದಲಿಸಬಹುದು. ಇಲ್ಲದಿದ್ದರೆ ಪ್ಲಂಬರ್ ಬರುವ ಹೊತ್ತಿಗೆ ಬೀಮ್ ಒಡೆಯುವುದೊಂದೇ ದಾರಿ.

ಕಾರವಾರ, ಅಂಕೋಲಾ, ಹೊನ್ನಾವರದ ಕಡೆ ಹೀಗೆ ಒಡೆಯುವುದು ಇನ್ನೂ ಕೆಟ್ಟದ್ದು. ಉಪ್ಪುಗಾಳಿ ಬಿಡುವುದಿಲ್ಲ. ಕರಾವಳಿಯ ಗಾಳಿಗೆ ಒಡ್ಡಿಕೊಂಡ ಕಾಂಕ್ರೀಟಿನಲ್ಲಿ ಸರಳಿನ ಮೇಲೆ 45 ಮಿ.ಮೀ. ಕವರ್, ಅಂದರೆ ಕಾಂಕ್ರೀಟಿನ ಹೊದಿಕೆ, ಇರಬೇಕು ಅಂತ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಹೇಳುತ್ತದೆ. ಒಡೆದು ಸಿಮೆಂಟ್ ಮೆತ್ತಿದ ಜಾಗದಲ್ಲಿ ಅಂಥ ರಕ್ಷಣೆ ಸಿಗುವುದು ಕಷ್ಟ. ತುಕ್ಕು ಹಿಡಿಯಲು ಅಷ್ಟು ಸಾಕು.

ಹಾಗಾದರೆ ಯಾಕೆ ಎಲ್ಲರೂ ಮಾಡುತ್ತಿಲ್ಲ? ಮಾಡೆಲ್ ಮಾಡುವ ಶ್ರಮ ಇಂಜಿನಿಯರದು, ಉಳಿಯುವ ದುಡ್ಡು ಮನೆಯವರದು. ಪರವಾನಗಿ ನಕ್ಷೆಗೆ ಕೊಡುವ ಫೀಸಿನಲ್ಲೇ ಇದನ್ನೂ ಮಾಡಿ ಅಂದರೆ ಆಗುವ ಮಾತಲ್ಲ. ಬ್ರಿಟನ್ನಿನಲ್ಲಿ 2016ರಿಂದ ಕೇಂದ್ರ ಸರ್ಕಾರದ ಕಾಮಗಾರಿಗಳಿಗೆ ಬಿಮ್ ಕಡ್ಡಾಯವಾಯಿತು. ಅಲ್ಲಿ ದುಡ್ಡು ಹಾಕುವವರೇ ಕೇಳಿದರು. ನಮ್ಮಲ್ಲಿ ದುಡ್ಡು ಹಾಕುವವರು ಮನೆ ಕಟ್ಟಿಸುವವರು, ಅಲ್ವಾ? ಅವರಿಗೆ ಪೈಪು ಮತ್ತು ಬೀಮಿನ ಚಿತ್ರ ತೋರಿಸಿ, ಮಾಡೆಲ್ಲಿಗೆ ಬೇರೆ ಫೀಸು ಕೇಳಿ. ಸಂಕೋಚ ಬೇಡ.

ಸಮಯ ಎಲ್ಲಿದೆ ಅನ್ನುವವರಿಗೆ ನಮ್ಮ ಮಳೆಗಾಲವೇ ಇದೆ. ಶಿರಸಿಯಲ್ಲಾಗಲಿ ಕುಮಟಾದಲ್ಲಾಗಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಹೊರಗಿನ ಕೆಲಸ ಹೇಗೂ ನಿಧಾನ. ಆಗ ಮಾಡೆಲ್ ಮುಗಿಸಿ, ಮಳೆ ಬಿಟ್ಟ ಮೇಲೆ ಪಾಯ ತೆಗೆಯಿರಿ.

ಶುರುವಿಗೇ ಇಡೀ ಮನೆ ಮಾಡಲು ಹೋಗಬೇಡಿ. ಕಾಲಂ, ಬೀಮ್, ಸ್ಲ್ಯಾಬ್, ನೀರಿನ ಮತ್ತು ಟಾಯ್ಲೆಟ್ಟಿನ ಪೈಪು, ಇಷ್ಟು ಸಾಕು. ಟೈಲ್ಸ್, ಕರೆಂಟು ಮುಂದಿನ ಮನೆಗೆ ಇರಲಿ. ದುಡ್ಡು ಕಟ್ಟುವ ಸಾಫ್ಟ್‌ವೇರೇ ಬೇಕೆಂದಿಲ್ಲ. ಫ್ರೀಕ್ಯಾಡ್, ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರಿನ ಜೊತೆ ನಡೆಯುವ ಬೊನ್ಸಾಯ್ ಎರಡೂ ಉಚಿತ. ಫೈಲನ್ನು ಐಎಫ್‌ಸಿ ಎಂಬ ಮುಕ್ತ ಫೈಲ್ ಮಾದರಿಯಲ್ಲಿ ಕೊಟ್ಟರೆ ಬೇರೆ ಸಾಫ್ಟ್‌ವೇರ್ ಬಳಸುವವರೂ ತೆರೆಯಬಹುದು.

ಮೇಸ್ತ್ರಿಗೆ ಮಾತ್ರ ಫೈಲ್ ಕಳಿಸಬೇಡಿ. ಬಣ್ಣದ ಚಿತ್ರವನ್ನು ಎ3 ಹಾಳೆಯಲ್ಲಿ ಪ್ರಿಂಟ್ ಹಾಕಿ ಕೈಗೆ ಕೊಡಿ. ಅದೂ ಕೆಲಸ ಶುರುವಾಗುವ ಮೊದಲೇ. 'ಇಲ್ಲಿ ಪೈಪಿನ ಜಾಯಿಂಟಿಗೆ ಕೈ ಹೋಗೂದಿಲ್ಲ ಸಾರ್' ಅಂತ ಅವರು ಹೇಳಿದರೆ, ಅವರೆದುರೇ ಮಾಡೆಲ್ ತಿದ್ದಿ.