ಕಿರಿದಾಗಬೇಕಾದದ್ದು ಡ್ರಿಪ್ಪರ್, ಪೈಪಲ್ಲ

ಪುಣೆಯಿಂದ ದಿವೇ ಘಾಟ್ ಏರಿ ಸಾಸವಡದ ದಾರಿ ಹಿಡಿದರೆ ನಮ್ಮ ಕಾಕಾ ಅವರ ಎರಡು ಎಕರೆ ಹೊಲ ಸಿಗುತ್ತದೆ. ಹೋದ ವರ್ಷ ದಸರೆಯ ಮಾರುಕಟ್ಟೆಗೆಂದು ಅವರು ಅಲ್ಲಿ ಚೆಂಡುಹೂವು ಹಾಕಿ, ಹೊಸದಾಗಿ ಹನಿ ನೀರಾವರಿ ಕೂರಿಸಿದ್ದರು. ಗುಲ್‌ಟೇಕಡಿಯ ಮಾರ್ಕೆಟ್ ಯಾರ್ಡಿಗೆ ಹೂವು ಹೋಗುವ ಹೊತ್ತಿಗೆ ಪ್ರತಿ ಸಾಲಿನ ಮೊದಲ ಗಿಡಗಳು ಮೊಣಕಾಲು ಮೀರಿ ಬೆಳೆದಿದ್ದವು, ಕೊನೆಯ ಗಿಡಗಳು ಅದರ ಅರ್ಧಕ್ಕೆ ನಿಂತಿದ್ದವು. ಅಂಗಡಿಯಲ್ಲಿ 16 ಮಿ.ಮೀ. ಲ್ಯಾಟರಲ್ (ಗಿಡಗಳ ಸಾಲಿನುದ್ದಕ್ಕೂ ಹಾಸುವ ಪೈಪು) ಬದಲು 12 ಮಿ.ಮೀ. ಕೊಟ್ಟಿದ್ದರು, ಅದು ಅಗ್ಗವೂ ಹೌದು. ಏಕೆ ಒಪ್ಪಿದಿರಿ ಎಂದು ಕೇಳಿದ್ದಕ್ಕೆ ಕಾಕಾ, "ಸಣ್ಣ ಪೈಪಿನ್ಯಾಗ ನೀರಿಗೆ ಫೋರ್ಸ್ ಜಾಸ್ತಿ ಇರ್ತೈತಿ ಅಂದ ಅಂಗಡ್ಯಾಂವ. ನನಗೂ ಖರೇ ಅನಿಸ್ತು. ಪೈಪಿನ ಬಾಯಿಗೆ ಹೆಬ್ಬಟ್ಟ ಒತ್ತಿದ್ರ ನೀರು ದೂರ ಚಿಮ್ಮೂದಿಲ್ಲೇನು?" ಎಂದರು.

ಚಿಮ್ಮುತ್ತದೆ, ನಿಜ. ಆದರೆ ಹೆಬ್ಬೆರಳು ಅಲ್ಲಿ ಹೊಸ ಒತ್ತಡವನ್ನೇನೂ ಹುಟ್ಟಿಸುವುದಿಲ್ಲ. ಬಾಯಿ ಮುಚ್ಚಿದಾಗ ಪೈಪಿನಲ್ಲಿ ಹರಿಯುವ ನೀರಿನ ಪ್ರಮಾಣ ಇಳಿಯುತ್ತದೆ. ಹರಿವು ಇಳಿದಾಗ ಪೈಪಿನ ಉದ್ದಕ್ಕೂ ಗೋಡೆಯೊಡನೆ ತಿಕ್ಕಾಡಿ ಕರಗುತ್ತಿದ್ದ ಒತ್ತಡ ಉಳಿಯುತ್ತದೆ. ಉಳಿದ ಒತ್ತಡವೆಲ್ಲ ಬೆರಳಿನ ಸಂದಿಯಲ್ಲಿ ವೇಗವಾಗಿ ಹೊರಬೀಳುತ್ತದೆ. ಕಿರಿದಾದದ್ದು ಕೊನೆಯ ಅರ್ಧ ಅಂಗುಲವಷ್ಟೆ, ಹಿಂದಿನ ಪೈಪು ಅಗಲವಾಗಿಯೇ ಇದೆ. ಇಡೀ ಪೈಪನ್ನೇ ಕಿರಿದು ಮಾಡಿದರೆ ಆಗುವುದು ಇದಕ್ಕೆ ತೀರ ವಿರುದ್ಧ: ಒತ್ತಡವೆಲ್ಲ ದಾರಿಖರ್ಚಿಗೇ ಮುಗಿದು, ಸಾಲಿನ ಕೊನೆಗೆ ಬರಿಗೈಯಲ್ಲಿ ತಲಪುತ್ತದೆ. ಹನಿ ನೀರಾವರಿಯ ಪೈಪು, ಜೋಡಣೆಗಳ ಆಯ್ಕೆ ನಿಂತಿರುವುದೇ ಈ ಒಂದು ವ್ಯತ್ಯಾಸದ ಮೇಲೆ.

ಈ ದಾರಿಖರ್ಚಿನ ಲೆಕ್ಕ ನಮ್ಮ ಅಂದಾಜಿಗೆ ಸುಲಭವಾಗಿ ಸಿಕ್ಕುವಂಥದ್ದಲ್ಲ. ವ್ಯಾಸ ಅರ್ಧವಾದರೆ ನೀರೂ ಅರ್ಧವಾದೀತು ಎಂದು ಮನಸ್ಸು ಹೇಳುತ್ತದೆ. ಸ್ವಲ್ಪ ಗಣಿತ ಬಲ್ಲವರು, ಪೈಪಿನ ಅಡ್ಡಕೊಯ್ತದ ವಿಸ್ತೀರ್ಣ ಕಾಲುಭಾಗವಾಗುವುದರಿಂದ ನೀರೂ ಕಾಲುಭಾಗ ಎನ್ನುತ್ತಾರೆ. ನಯವಾಗಿ ಹರಿಯುವ ನೀರಿನಲ್ಲಿ, ಅದೇ ಒತ್ತಡಕ್ಕೆ, ನಿಜವಾಗಿ ಸಿಗುವುದು ಹದಿನಾರರಲ್ಲಿ ಒಂದು ಪಾಲು. ಗಣಪತಿ ವಿಸರ್ಜನೆಯ ದಿನ ಲಕ್ಷ್ಮೀ ರಸ್ತೆಯಲ್ಲಿ ನಿಂತು ನೋಡಿದವರಿಗೆ ಇದರ ಕಾರಣ ಕಣ್ಣಿಗೇ ಕಾಣುತ್ತದೆ. ಅಂಗಡಿಯ ಮೆಟ್ಟಿಲಿಗೆ ಅಂಟಿದವರು ಅಲುಗುವುದಿಲ್ಲ, ಅವರ ಪಕ್ಕದವರು ತುಸುವೇ ಸರಿಯುತ್ತಾರೆ, ರಸ್ತೆಯ ನಡುವೆ ಇರುವವರು ಸಲೀಸಾಗಿ ನಡೆಯುತ್ತಾರೆ. ರಸ್ತೆ ಅಗಲವಾದಷ್ಟೂ ಜನರಿಗೆ ಜಾಗ ಹೆಚ್ಚುತ್ತದೆ, ಅದರ ಜೊತೆಗೇ ನಡುವಿನವರು ಅಂಚಿನ ತಡೆಯಿಂದ ದೂರವಾಗಿ ಇನ್ನಷ್ಟು ವೇಗ ಪಡೆಯುತ್ತಾರೆ. ಈ ಎರಡು ಲಾಭಗಳು ಒಂದನ್ನೊಂದು ಗುಣಿಸುತ್ತವೆ. ಕಬ್ಬು ತಿನ್ನುವವರಿಗೆ ಬೇರೆ ರೀತಿಯಲ್ಲಿ ಹೇಳಬಹುದು: ತೆಳ್ಳನೆಯ ಜಲ್ಲೆಯಲ್ಲಿ ಸಿಪ್ಪೆಯೇ ಹೆಚ್ಚು, ದಪ್ಪ ಜಲ್ಲೆಯಲ್ಲಿ ರಸವೇ ಹೆಚ್ಚು. ನೀರಿನ ಮಟ್ಟಿಗೆ ಪೈಪಿನ ಗೋಡೆಯೇ ಸಿಪ್ಪೆ.

ಈ ನಿಯಮವನ್ನು ಕಂಡವರಲ್ಲಿ ಒಬ್ಬರು ನೀರಾವರಿಗೆ ಸಂಬಂಧವೇ ಇಲ್ಲದ ವೈದ್ಯರೆಂಬುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ. ಫ್ರಾನ್ಸಿನ ಪ್ವಾಸ್ಯೇ ಸೂಕ್ಷ್ಮ ರಕ್ತನಾಳಗಳಲ್ಲಿ ರಕ್ತ ಹರಿಯುವ ಬಗೆಯನ್ನು ಅರಿಯಲೆಂದು ಕೂದಲೆಳೆಯಂಥ ಗಾಜಿನ ಕೊಳವೆಗಳಲ್ಲಿ ನೀರು ಹರಿಸಿ, 1840ರ ಸುಮಾರಿಗೆ ಫಲಿತಾಂಶ ಪ್ರಕಟಿಸಿದರು. ಜರ್ಮನಿಯ ಜಲ ಎಂಜಿನಿಯರ್ ಹಾಗೆನ್ 1839ರಲ್ಲೇ ಬೇರೆ ದಾರಿಯಿಂದ ಅದೇ ತೀರ್ಮಾನಕ್ಕೆ ಬಂದಿದ್ದರು. ಹರಿವು ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣ ಎಂಬುದೇ ಆ ತೀರ್ಮಾನ. ಹೃದಯದ ರಕ್ತನಾಳದಲ್ಲಿ ಕೊಬ್ಬು ಕಟ್ಟಿದಾಗ ವೈದ್ಯರು ಗಾಬರಿಯಾಗುವುದಕ್ಕೂ ಲ್ಯಾಟರಲ್ ಒಳಗೆ ಪಾಚಿ ಕಟ್ಟಿದಾಗ ರೈತ ಗಾಬರಿಯಾಗಬೇಕಾದುದಕ್ಕೂ ಮೂಲ ಒಂದೇ.

ಆದರೆ ಹೊಲದ ಪೈಪಿನ ಮೊದಲ ಭಾಗದಲ್ಲಿ ನೀರು ನಯವಾಗಿ ಹರಿಯುವುದಿಲ್ಲ, ಸುಳಿಯಾಡುತ್ತ ಹರಿಯುತ್ತದೆ. ನಯವಾದ ಹರಿವು ಯಾವಾಗ ಕದಡುತ್ತದೆ ಎಂಬುದನ್ನು ಬಣ್ಣದ ಎಳೆಯೊಂದನ್ನು ನೀರಿಗೆ ಬಿಟ್ಟು 1883ರಲ್ಲಿ ತೋರಿಸಿದವರು ಮ್ಯಾಂಚೆಸ್ಟರಿನ ಓಸ್‌ಬೋರ್ನ್ ರೆನಾಲ್ಡ್ಸ್. ಕದಡಿದ ಹರಿವಿನಲ್ಲಿ ನಿಯಮ ಇನ್ನೂ ಕಠಿಣ: ಅಷ್ಟೇ ನೀರನ್ನು ಅರ್ಧ ವ್ಯಾಸದ ಪೈಪಿನಲ್ಲಿ ಸಾಗಿಸಲು ಸುಮಾರು 27 ಪಟ್ಟು ಒತ್ತಡ ವ್ಯಯವಾಗುತ್ತದೆ.

ಕಾಕಾ ಅವರ ಸಾಲನ್ನೇ ತೆಗೆದುಕೊಳ್ಳೋಣ. ಉದ್ದ 60 ಮೀಟರ್. 60 ಸೆಂಟಿಮೀಟರಿಗೊಂದರಂತೆ ನೂರು ಡ್ರಿಪ್ಪರ್, ಅಂದರೆ ಗಿಡದ ಬುಡಕ್ಕೆ ಹನಿ ಬೀಳಿಸುವ ಪುಟ್ಟ ಸಾಧನ. ಒಂದೊಂದೂ ಗಂಟೆಗೆ 4 ಲೀಟರ್, ಅಂದರೆ ಒಟ್ಟು 400 ಲೀಟರ್. ಈ 4 ಲೀಟರ್ ಎಂಬ ಅಳತೆ 10 ಮೀಟರ್ ಎತ್ತರದ ನೀರಿನ ಒತ್ತಡಕ್ಕೆ, ಎಂದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆ.ಜಿ. ಒತ್ತಡಕ್ಕೆ ಹೇಳಿದ್ದು. ಇಲ್ಲೊಂದು ಸಮಾಧಾನದ ವಿಷಯವಿದೆ. 400 ಲೀಟರೂ ಕೊನೆಯವರೆಗೆ ಹೋಗಬೇಕಿಲ್ಲ. ಪಂಕ್ತಿಯಲ್ಲಿ ಸಾರು ಬಡಿಸುವವನ ಬಕೆಟ್ಟು ಎಲೆಯಿಂದೆಲೆಗೆ ಹಗುರಾಗುತ್ತ ಹೋಗುವಂತೆ ಪೈಪಿನ ಹೊರೆಯೂ ಹಗುರಾಗುತ್ತ ಹೋಗುವುದರಿಂದ, ಒತ್ತಡದ ನಷ್ಟ ಪೂರ್ಣ ಹರಿವಿನ ಲೆಕ್ಕದ ಮೂರನೆಯ ಒಂದು ಭಾಗಕ್ಕಿಂತ ತುಸುವೇ ಹೆಚ್ಚು. ಹಾಗೆ ಲೆಕ್ಕ ಹಾಕಿದರೆ 16 ಮಿ.ಮೀ. ಪೈಪಿನಲ್ಲಿ ಆ ಹತ್ತು ಮೀಟರ್ ಒತ್ತಡದಲ್ಲಿ ಸುಮಾರು ಒಂದೂವರೆ ಮೀಟರ್ ಕಳೆದುಹೋಗುತ್ತದೆ. ಅದು ಸಹಿಸಬಹುದಾದ ನಷ್ಟ. 12 ಮಿ.ಮೀ. ಪೈಪಿನಲ್ಲಿ ಅಷ್ಟೇ ನೀರು ಸಾಗಿಸಲು ಆರು ಮೀಟರಿಗೂ ಹೆಚ್ಚು ಬೇಕು. ಅಷ್ಟು ಒತ್ತಡ ಇಲ್ಲದ್ದರಿಂದ ಇಡೀ ಸಾಲಿನ ಹರಿವೇ ಕುಗ್ಗುತ್ತದೆ, ಕೊನೆಯ ಡ್ರಿಪ್ಪರಿಗೆ ಮೊದಲನೆಯದಕ್ಕಿಂತ ಕಾಲುಭಾಗ ಕಡಿಮೆ ನೀರು ಬೀಳುತ್ತದೆ. ದಿನವೂ ಕಾಲು ಹೊಟ್ಟೆ ಹಸಿದ ಗಿಡ ಎರಡು ತಿಂಗಳಲ್ಲಿ ಹೇಗಿರುತ್ತದೆ ಎಂಬುದನ್ನು ಆ ಸಾಲುಗಳೇ ಹೇಳುತ್ತಿದ್ದವು.

ಹಾಗಾದರೆ ಕಿರಿದಾಗಬೇಕಾದದ್ದು ಎಲ್ಲಿ? ಡ್ರಿಪ್ಪರಿನಲ್ಲಿ, ಅಲ್ಲಿ ಮಾತ್ರ. ಶಿವಲಿಂಗದ ಮೇಲೆ ತೂಗುವ ಧಾರಾಪಾತ್ರೆಯನ್ನು ಕಂಡವರು, ಪೈಪಿಗೊಂದು ಸಣ್ಣ ತೂತು ಕೊರೆದರೆ ಸಾಲದೇ ಎನ್ನುತ್ತಾರೆ. ಹತ್ತು ಮೀಟರ್ ಒತ್ತಡದಲ್ಲಿ ಗಂಟೆಗೆ 4 ಲೀಟರ್ ಮಾತ್ರ ಬರಬೇಕಾದರೆ ಆ ತೂತು 0.4 ಮಿ.ಮೀ. ಇರಬೇಕು; ಒಂದು ಮರಳಿನ ಕಣ ಅದರ ಕಥೆ ಮುಗಿಸುತ್ತದೆ. ಇಸ್ರೇಲಿನ ಎಂಜಿನಿಯರ್ ಸಿಮ್‌ಖಾ ಬ್ಲಾಸ್ 1930ರ ದಶಕದಲ್ಲಿ, ಸೋರುವ ನಲ್ಲಿಯ ಬಳಿಯ ಮರವೊಂದು ನೆರೆಯ ಮರಗಳಿಗಿಂತ ದೊಡ್ಡದಾಗಿ ಬೆಳೆದದ್ದನ್ನು ಗಮನಿಸಿದರಂತೆ. ಅವರ ಜಾಣತನ ಇರುವುದು ಸೋರಿಕೆಯನ್ನು ಕಂಡದ್ದರಲ್ಲಲ್ಲ, ತೂತನ್ನು ಸಣ್ಣದು ಮಾಡುವ ಬದಲು ದಾರಿಯನ್ನು ಉದ್ದ ಮಾಡಿದ್ದರಲ್ಲಿ. ಅಗಲವಾದ ದಾರಿಯನ್ನೇ ಸುರುಳಿ ಸುತ್ತಿಸಿ ನೀರನ್ನು ದಣಿಸಿದರೆ ಅದು ಹನಿಹನಿಯಾಗಿಯೇ ಹೊರಬರುತ್ತದೆ, ಕಸವೂ ಸಿಕ್ಕಿಕೊಳ್ಳುವುದಿಲ್ಲ. 1965ರಲ್ಲಿ ನೆಗೆವ್ ಮರುಭೂಮಿಯ ಸಾಮುದಾಯಿಕ ಹಳ್ಳಿಯಾದ ಹಟ್ಜೆರಿಮ್ ಕಿಬ್ಬುಟ್ಜ್‌ನಲ್ಲಿ ಹನಿ ನೀರಾವರಿಯ ನೆಟಾಫಿಮ್ ಕಂಪನಿ ಆರಂಭವಾದದ್ದು ಈ ವಿಚಾರದಿಂದ. ಇಂದಿನ ಡ್ರಿಪ್ಪರನ್ನು ಬ್ಲೇಡಿನಿಂದ ಸೀಳಿ ನೋಡಿ: ಗರಗಸದ ಹಲ್ಲಿನಂತೆ ಅಂಕುಡೊಂಕಾದ ಕಾಲುವೆಯೊಂದು ಉಗುರಿನಷ್ಟಗಲದಲ್ಲಿ ಮಡಚಿಕೊಂಡಿರುತ್ತದೆ.

ಇಂಥ ಡ್ರಿಪ್ಪರಿನ ಹರಿವು ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ಕೊಥರೂಡಿನ ನಮ್ಮ ತಾರಸಿಯಲ್ಲಿ ಟ್ಯಾಂಕಿನ ನೀರು ಕುಂಡಗಳಿಗಿಂತ ಎರಡೂವರೆ ಮೀಟರ್ ಮಾತ್ರ ಮೇಲಿದೆ. ಒತ್ತಡ ಕಾಲುಭಾಗವಾದ್ದರಿಂದ ಹರಿವು ಅರ್ಧ. ಕರಿಬೇವಿನ ಕುಂಡದ 4 ಲೀಟರಿನ ಡ್ರಿಪ್ಪರ್ ಕೆಳಗೆ ಲೋಟವಿಟ್ಟು ಹತ್ತು ನಿಮಿಷ ಕಾದಾಗ 330 ಮಿಲಿಲೀಟರಿನ ಆಸುಪಾಸು ತುಂಬಿತು. ಇಂಥಲ್ಲಿಗೆ ಒತ್ತಡ ಸರಿದೂಗಿಸುವ, ಅಂದರೆ ಒತ್ತಡ ಏರಿಳಿದರೂ ಒಂದೇ ಸಮ ನೀರು ಬಿಡುವ ದುಬಾರಿ ಡ್ರಿಪ್ಪರ್ ತರುವುದು ದಂಡ, ಏಕೆಂದರೆ ಅದರೊಳಗಿನ ರಬ್ಬರ್ ಪೊರೆ ಕೆಲಸ ಮಾಡಲು ಬೇಕಾದ ಕನಿಷ್ಠ ಒತ್ತಡವೇ ಅಲ್ಲಿರುವುದಿಲ್ಲ. ಏರಿಳಿತದ ಜಮೀನಿಗೆ ಅದು ಸರಿ.

ಒತ್ತಡವನ್ನು ಬೇಕಾದಲ್ಲಿ ಮಾತ್ರ ಇಳಿಸುವ ಈ ವಿವೇಕ ನಮ್ಮ ಕಡೆಯವರಿಗೆ ಹೊಸದಲ್ಲ. ವಿಜಯಪುರದಲ್ಲಿ ಆದಿಲ್‌ಶಾಹಿ ಕಾಲದ, ಗಂಜ್ ಎಂದು ಕರೆಯುವ ನೀರಿನ ಗೋಪುರಗಳು ಇಂದಿಗೂ ನಿಂತಿವೆ. ಕೆರೆಯಿಂದ ಮಣ್ಣಿನ ಕೊಳವೆಯಲ್ಲಿ ಬಂದ ನೀರು ಗೋಪುರದೊಳಗೆ ಏರಿ ಒತ್ತಡ ಕಳೆದುಕೊಳ್ಳುತ್ತಿತ್ತು, ಹೂಳು ತಳಕ್ಕೆ ಕೂರುತ್ತಿತ್ತು. ಈಗ ಹೂಳಿನ ಕೆಲಸವನ್ನು 120 ಮೆಶ್ಶಿನ (ಅಂಗುಲಕ್ಕೆ 120 ಕಣ್ಣಿನ) ಜಾಲರಿ ಅಥವಾ ಡಿಸ್ಕ್ ಫಿಲ್ಟರ್ ಮಾಡುತ್ತದೆ; 130 ಮೈಕ್ರಾನಿಗಿಂತ, ಎಂದರೆ 0.13 ಮಿ.ಮೀ.ಗಿಂತ ದಪ್ಪದ ಕಣವನ್ನು ಅದು ತಡೆಯುತ್ತದೆ. ಬೋರ್‌ವೆಲ್ ನೀರಿನಲ್ಲಿ ಕರಗಿ ಬರುವ ಸುಣ್ಣವನ್ನು ಯಾವ ಫಿಲ್ಟರೂ ತಡೆಯದು. ಅದಕ್ಕೆಂದು ಪೈಪಿಗೆ ಆಯಸ್ಕಾಂತ ಕಟ್ಟುವುದು ದೃಷ್ಟಿಬೊಟ್ಟು ಇಟ್ಟಂತೆಯೇ ಎಂಬುದು ನನ್ನ ಅಭಿಪ್ರಾಯ. ತೆಳು ಆಮ್ಲ ಹಾಯಿಸಿ ಸುಣ್ಣವನ್ನು ಕರಗಿಸುವುದು ರಸಾಯನಶಾಸ್ತ್ರಕ್ಕೆ ಒಪ್ಪುವ ದಾರಿ. ಆಗ ಆಮ್ಲವನ್ನು ನೀರಿಗೆ ಸುರಿಯಬೇಕೇ ಹೊರತು ನೀರನ್ನು ಆಮ್ಲಕ್ಕಲ್ಲ.

ಜೋಡಣೆಗಳ ವಿಷಯದಲ್ಲಿ ಹೆಚ್ಚಿನ ತಪ್ಪು ಒಂದು ಸಂಖ್ಯೆಯಿಂದ ಹುಟ್ಟುತ್ತದೆ. 16 ಮಿ.ಮೀ. ಎಂಬುದು ಲ್ಯಾಟರಲ್‌ನ ಹೊರವ್ಯಾಸ. ಜಾಯಿನರ್, ಟೀ, ಎಲ್ಬೋಗಳ ಮುಳ್ಳುಗಂಟು (ಪೈಪಿನೊಳಗೆ ಕಚ್ಚಿ ಹಿಡಿಯುವ ಏಣುಳ್ಳ ತುದಿ) ಕೂರುವುದು ಒಳವ್ಯಾಸದಲ್ಲಿ. ಗೋಡೆಯ ದಪ್ಪ ಪೈಪಿನ ದರ್ಜೆಯಿಂದ (ಕ್ಲಾಸ್) ದರ್ಜೆಗೆ ಬದಲಾಗುವುದರಿಂದ ಹೊರಗೆ ಒಂದೇ ಆಗಿ ಕಾಣುವ ಎರಡು ಪೈಪುಗಳಲ್ಲಿ ಒಂದೇ ಜಾಯಿನರ್ ಒಂದಕ್ಕೆ ಬಿಗಿ, ಇನ್ನೊಂದಕ್ಕೆ ಸಡಿಲ. ಪೈಪಿನ ತುಂಡೊಂದನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ, ಅಲ್ಲಿಯೇ ಕೂರಿಸಿ ನೋಡುವುದು ಕ್ಷೇಮ. ಪೈಪಿನ ಮೇಲೆ ಭಾರತೀಯ ಮಾನಕದ ಐ.ಎಸ್. 12786, ಡ್ರಿಪ್ಪರ್ ಒಳಗೇ ಇರುವ ಇನ್‌ಲೈನ್ ಆದರೆ ಐ.ಎಸ್. 13488 ಎಂಬ ಗುರುತಿದೆಯೇ ನೋಡಬೇಕು. ಬಿಗಿಯಾದ ತುದಿಯನ್ನು ಬೆಂಕಿಕಡ್ಡಿಯಿಂದ ಕಾಯಿಸುವ ಅಭ್ಯಾಸ ಕೆಟ್ಟದ್ದು, ಅಲ್ಲಿ ಗೋಡೆ ತೆಳುವಾಗಿ ಮುಂದೆ ಸೀಳುತ್ತದೆ. ಬಿಸಿನೀರಿನಲ್ಲಿ ಅದ್ದಿದರೆ ಸಾಕು. ಪೈಪಿನ ಕಪ್ಪು ಬಣ್ಣ ಅಂದಕ್ಕಾಗಿ ಹಚ್ಚಿದ್ದಲ್ಲ. ಪ್ಲಾಸ್ಟಿಕ್‌ನಲ್ಲಿ ಶೇಕಡ 2ರಿಂದ 2.5ರಷ್ಟು ಬೆರೆಸಿದ ಇಂಗಾಲದ ಪುಡಿ ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರಿಕೊಳ್ಳುತ್ತದೆ, ಬೆಳಕು ಒಳಹೊಗದಂತೆಯೂ ತಡೆಯುತ್ತದೆ. ತಾರಸಿ ತೋಟದವರು ಚಂದವೆಂದು ಪಾರದರ್ಶಕ ಮೈಕ್ರೋಟ್ಯೂಬ್ (ಕುಂಡಗಳಿಗೆ ನೀರೊಯ್ಯುವ ತೆಳು ನಳಿಕೆ) ಹಾಕಿ ತಿಂಗಳೊಳಗೆ ಪಾಚಿ ಬೆಳೆಸುವುದನ್ನು ನಾನು ನೋಡುತ್ತಲೇ ಇದ್ದೇನೆ.

ಪೈಪನ್ನು ಎಳೆದು ಬಿಗಿದರೆ ಅಚ್ಚುಕಟ್ಟಾಗಿ ಕಾಣುತ್ತದೆ, ಆದರೆ ಪಾಲಿಎಥಿಲೀನ್ ಪ್ರತಿ ಮೀಟರಿಗೆ ಒಂದು ಡಿಗ್ರಿಗೆ ಸುಮಾರು 0.2 ಮಿ.ಮೀ. ಹಿಗ್ಗುತ್ತದೆ ಮತ್ತು ಕುಗ್ಗುತ್ತದೆ. ಚಳಿಗಾಲದ ನಡುಹಗಲ ಬಿಸಿಲಿಗೂ ಬೆಳಗಿನ ಜಾವದ ಚಳಿಗೂ ನಡುವೆ ಕಪ್ಪು ಪೈಪಿನಲ್ಲಿ 30 ಡಿಗ್ರಿ ಅಂತರವಾದರೆ, 60 ಮೀಟರಿನ ಸಾಲು ಒಂದಡಿಗೂ ಹೆಚ್ಚು ಗಿಡ್ಡವಾಗುತ್ತದೆ. ಸಾಲಿನ ತುದಿ ಮುಚ್ಚುವ ಎಂಡ್ ಕ್ಯಾಪನ್ನು ಗೂಟಕ್ಕೆ ಬಿಗಿದು ಕಟ್ಟಿದ್ದರೆ, ಲ್ಯಾಟರಲ್ಲುಗಳಿಗೆ ನೀರು ಹಂಚುವ ಪಿ.ವಿ.ಸಿ. ಸಬ್‌ಮೇನಿನ ಗ್ರೊಮೆಟ್ಟಿನಿಂದ (ತೂತಿಗೆ ಕೂರಿಸಿದ ರಬ್ಬರ್ ಉಂಗುರ), ಲ್ಯಾಟರಲ್ ಸೇರಿಸುವ ಟೇಕ್‌ಆಫ್ ತಾನಾಗಿ ಕಿತ್ತು ಬರುತ್ತದೆ. ಅದನ್ನು ರಾತ್ರಿ ಹೆಗ್ಗಣ ಎಳೆಯಿತೆಂದು ಜನ ಹೇಳುತ್ತಾರೆ.

ಕಾಕಾ ಅವರಿಗೆ ಹೊಸ ಪೈಪು ಕೊಳ್ಳುವ ಮನಸ್ಸಿರಲಿಲ್ಲ, ಕೊಳ್ಳಬೇಕಾಗಿಯೂ ಬರಲಿಲ್ಲ. ಸಾಲಿನ ಉದ್ದ ಅರ್ಧವಾದರೆ ಡ್ರಿಪ್ಪರುಗಳೂ ಅರ್ಧವಾಗುತ್ತವೆ, ಹರಿವೂ ಅರ್ಧವಾಗುತ್ತದೆ. ಒತ್ತಡದ ನಷ್ಟ ಮಾತ್ರ ಆರೂವರೆ ಪಟ್ಟಿಗಿಂತಲೂ ಹೆಚ್ಚು ಇಳಿಯುತ್ತದೆ. ಹಾಗಾಗಿ ಹೊಲದ ಅಂಚಿನಲ್ಲಿದ್ದ ಸಬ್‌ಮೇನನ್ನು ಕಿತ್ತು ನಟ್ಟನಡುವೆ ಹೂತು, ಪ್ರತಿ ಲ್ಯಾಟರಲ್ಲನ್ನು ಮಧ್ಯದಲ್ಲಿ ಕತ್ತರಿಸಿ, ಎಡಕ್ಕೆ 30, ಬಲಕ್ಕೆ 30 ಮೀಟರ್ ನೀರು ಕೊಟ್ಟೆವು. ಖರ್ಚಾದದ್ದು ಗ್ರೊಮೆಟ್ಟು, ಟೇಕ್‌ಆಫ್, ಎಂಡ್ ಕ್ಯಾಪುಗಳಿಗೆ ಮತ್ತು ಎರಡು ದಿನದ ಅಗೆತಕ್ಕೆ. ಮೋಟಾರು ಹಾಕಿ, ನಡುವಿನ ಡ್ರಿಪ್ಪರಿಗೊಂದು ಮತ್ತು ಎಡತುದಿಯ ಡ್ರಿಪ್ಪರಿಗೊಂದು ಸ್ಟೀಲ್ ಲೋಟವಿಟ್ಟು, ಕಾಕಾ ಬದುವಿನ ಮೇಲೆ ಗಡಿಯಾರ ಹಿಡಿದು ಕುಳಿತರು. ತುದಿಯ ಲೋಟ ಅರ್ಧ ನಿಮಿಷವೂ ಹಿಂದೆ ಬೀಳಲಿಲ್ಲ.